ಟ್ಯಾಂಕಿನ ತಳದ ಆರ್ಗಾನ್

ತಮ್ಮ ಹಾಕಿದ ಬೆಸುಗೆಯನ್ನು ಅಣ್ಣ ಮೂರನೇ ಸಲ ಉಜ್ಜಿ ತೆಗೆದಾಗ, ತಮ್ಮನು ಬೆಸುಗೆಗೆ ಗಾಳಿ ತಾಗದಂತೆ ಆರ್ಗಾನ್ ಅನಿಲ ಹಾಯಿಸುವ ಪೈಪನ್ನು ಕಿತ್ತೆಸೆದು, ಟ್ಯಾಂಕಿನೊಳಗೇ ಅವನ ಮೂತಿಗೆ ಗುದ್ದಿದ. "ನಂಗೆ ನೀನೂ ಬೇಡ, ಯಾರೂ ಬೇಡ."

ಅಣ್ಣ ರಕ್ತ ಉಗುಳಿದ. "ಯಾರೂ ಬೇಡ ಅನ್ನೋಕೆ ನೀನೇನು ಆರ್ಗಾನಾ? ಅದರ ಹೊರಸುತ್ತಲ್ಲಿ ಎಲೆಕ್ಟ್ರಾನ್ ತುಂಬಿದೆ, ಒಂಟಿಯಾಗಿರುತ್ತೆ. ನಾವು ಆಕ್ಸಿಜನ್ ಕಣೋ. ಎರಡು ಎಲೆಕ್ಟ್ರಾನ್ ಕಮ್ಮಿ, ಜೋಡಿಯಾಗಿ ಹಂಚ್ಕೊಂಡೇ ಇರ್ಬೇಕು."

ತಮ್ಮ ಅವನನ್ನು ಕೆಡವಿ ಕತ್ತು ಹಿಸುಕಿದ. ಕೈಬಿಟ್ಟ ಮೇಲೂ ಅಣ್ಣ ಏಳಲಿಲ್ಲ. ಅವನ ತಲೆಯ ಬಳಿ ಪೈಪು ಬುಸುಗುಡುತ್ತಿತ್ತು. ಗಾಳಿಗಿಂತ ಭಾರವಾದ ಆರ್ಗಾನ್, ಉಸಿರಾಡುವ ಗಾಳಿಯನ್ನು ಮೇಲಕ್ಕೆ ತಳ್ಳಿ ತಳದಲ್ಲಿ ತುಂಬಿಕೊಂಡಿತ್ತು. ತಮ್ಮನಿಗೂ ಕಣ್ಣಿಗೆ ಕತ್ತಲು ಕವಿಯಿತು.

ತೆವಳಿ ಏಣಿ ಹತ್ತಿ, ತಲೆ ಹೊರಗೆ ಹಾಕಿ ಬದುಕಿಕೊಂಡ. ಆಮೇಲೆ ಇಬ್ಬರಿಗಾಗುವಷ್ಟು ಉಸಿರೆಳೆದುಕೊಂಡು, ಬಾಯಿ ಬಿಗಿದು ಮತ್ತೆ ಕೆಳಗಿಳಿದ.