ಸುರೇಂದ್ರನ ಆಪರೇಷನ್

"ಆಪರೇಷನ್ನಲ್ಲಿ ನರ ಕುಯ್ದುಬಿಟ್ಟಿದಾರೆ ಸಾರ್," ಎಂದ ಸುರೇಂದ್ರ. ಬಣಕಲ್ಲಿನ ಡಾಕ್ಟರು ವೆಂಕಟರಾಮಯ್ಯ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

ಹೆಂಡತಿ ರಂಜಿತಾಳಿಗೆ ಎರಡನೇ ಹೆರಿಗೆಯಲ್ಲಿ ಜೀವ ಹೋಗಿ ಬಂದಂತಾಗಿತ್ತು. ಅವಳಿಗೆ ಮತ್ತೆ ಕತ್ತರಿ ಬೇಡವೆಂದು ಮಕ್ಕಳಾಗದ ಹಾಗೆ ಮಾಡುವ ಗಂಡಸರ ಆಪರೇಷನ್ನನ್ನು ಸುರೇಂದ್ರ ತಾನೇ ಮಾಡಿಸಿಕೊಂಡಿದ್ದ. ಎಸ್ಟೇಟಿನ ಜೊತೆಗಾರರು ನಕ್ಕಿದ್ದರು: "ಇನ್ನು ನಿನ್ನ ಕತೆ ಮುಗೀತು ಮಾರಾಯ." ಗಾಯ ಮಾಗಿದ ಮೇಲೆ ಹೆಂಡತಿಯನ್ನು ಕೂಡಲು ಹೋದ ಮೊದಲ ಸಲವೇ ಅವನಿಂದ ಆಗಲಿಲ್ಲ. ಆಮೇಲೆ ಬೆನ್ನುನೋವಿನ ನೆಪ ಹೇಳಿ ನಾಲ್ಕು ತಿಂಗಳಿಂದ ಜಗಲಿಯಲ್ಲಿ ಮಲಗುತ್ತಿದ್ದ. ಇವತ್ತು ಬೆಳಿಗ್ಗೆ ರಂಜಿತಾ ಬ್ಯಾಗು ತುಂಬುತ್ತ, "ನಾನು ಬೇಡವಾದ ಮೇಲೆ ಇಲ್ಲೇನು ಕೆಲಸ? ನಾಳೆ ಕಳಸಕ್ಕೆ, ಅಣ್ಣನ ಮನೆಗೆ ಹೋಗ್ತೀನಿ," ಎಂದಿದ್ದಳು.

"ಬೆಳಗಿನ ಜಾವ ಎಚ್ಚರ ಆದಾಗ?" ಡಾಕ್ಟರು ಕೇಳಿದರು.

ಸುರೇಂದ್ರನ ಕಿವಿ ಬಿಸಿಯಾಯಿತು. "ಆವಾಗ... ಸರಿಯಾಗೇ ಇರ್ತದೆ ಸಾರ್."

"ಏನು ಕೆಲಸ ನಿಂದು?"

"ಎಸ್ಟೇಟಲ್ಲಿ ಸ್ಪ್ರಿಂಕ್ಲರ್ ನೀರು ಬಿಡೋದು ಸಾರ್. ಮೋಟರು, ಪೈಪು."

"ಹಾಗಾದ್ರೆ ಹೇಳೋದು ಸುಲಭ. ಅಲ್ಲಿ ಮೂಳೆ ಇಲ್ಲ, ಸ್ಪಂಜಿನ ಹಾಗೆ ಇರ್ತದೆ. ಮನಸ್ಸಿಗೆ ಹಿತವಾದ್ರೆ ರಕ್ತನಾಳ ಸಡಿಲವಾಗಿ ರಕ್ತ ನುಗ್ಗುತ್ತೆ. ಸ್ಪಂಜು ತುಂಬಿ, ರಕ್ತ ಹೊರಗೆ ಹೋಗೋ ನಾಳನ ಒತ್ತಿ ಹಿಡಿಯುತ್ತೆ. ಅಷ್ಟೇ. ಆಪರೇಷನ್ನಲ್ಲಿ ಕುಯ್ದಿದ್ದು ನರ ಅಲ್ಲ, ವೀರ್ಯಾಣು ಬರೋ ಸಣ್ಣ ನಾಳ."

"ಅದು ಬೇರೆ ಪೈಪಾ ಸಾರ್?"

"ಬೇರೆಯೇ. ನಿದ್ದೆಯಲ್ಲಿ ಹೆದರಿಕೆ ಇಲ್ಲ, ಅದಕ್ಕೇ ಬೆಳಗಿನ ಜಾವ ಸರಿ ಇರ್ತದೆ. ಹೆದರಿದ ಮೈಯಲ್ಲಿ ರಕ್ತನಾಳ ಬಿಗಿದುಕೊಳ್ತದೆ. ಗೇಟ್‌ವಾಲ್ವ್ ಮುಚ್ಚಿಟ್ಟು ಪೈಪನ್ನ ಬೈದ್ರೆ ನೀರು ಬರುತ್ತೇನೋ? ಹೋಗಿ ಹೆಂಡತಿಗೆ ನಿಜ ಹೇಳು."

ಅವನು ಮನೆಗೆ ಬಂದಾಗ ರಂಜಿತಾ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಸುರೇಂದ್ರ ಹೊಸಿಲ ಮೇಲೆ ಕೂತು, ಅವಳ ಮುಖ ನೋಡದೆ, ಎಲ್ಲವನ್ನೂ ಹೇಳಿದ. ಗೇಟ್‌ವಾಲ್ವಿನ ಉದಾಹರಣೆಯನ್ನೂ ಬಿಡಲಿಲ್ಲ.

"ಅಂದ್ರೆ ನೀವು ಜಗಲಿಗೆ ಹೋಗಿದ್ದು ನನ್ನ ಕಂಡು ಅಸಹ್ಯ ಆಗಿ ಅಲ್ಲ ಅಂತೀರಾ?" ಅವಳು ಕೇಳಿದಳು. "ಈ ಬಾಣಂತಿ ಹೊಟ್ಟೆ ನೋಡಿ..."

"ಅಯ್ಯೋ, ಎಲ್ಲಾದ್ರೂ ಉಂಟಾ! ನನ್ನ ಮೇಲೆ ನಂಗೇ ಅಸಹ್ಯ ಆಗಿತ್ತು."

ರಂಜಿತಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಔಷಧಿ ಏನು ಕೊಟ್ರು?"

"ಏನೂ ಇಲ್ಲ. ಹದಿನೈದು ದಿನದವರೆಗೆ, ಆಗುತ್ತಾ ಇಲ್ವಾ ಅಂತ ನೋಡೋಕೇ ಹೋಗಬಾರದಂತೆ." ಸುರೇಂದ್ರ ಅಪರಾಧಿಯಂತೆ ತಲೆ ತಗ್ಗಿಸಿದ. "ಸುಮ್ಮನೆ ಪಕ್ಕದಲ್ಲಿ ಮಲಗಬೇಕಂತೆ. ಕೈ ಹಿಡ್ಕೊಂಡು, ಮಾತಾಡ್ಕೊಂಡು."

ಮಡಿಸುತ್ತಿದ್ದ ಬಟ್ಟೆ ರಂಜಿತಾಳ ಕೈಯಲ್ಲೇ ಉಳಿಯಿತು.

"ನಾಲ್ಕು ತಿಂಗಳಿಂದ ನಾನು ಕಾದಿದ್ದು ಅಷ್ಟಕ್ಕೇ ಅಲ್ವಾ ಮಾರಾಯ್ರೆ?"