ಮೊದಲು ಕಂಡವರು

ಹೊಸ ತಳಿಯ ಅರ್ಜಿಯಲ್ಲಿ ‘ಮೊದಲು ಗುರುತಿಸಿದವರು’ ಎಂಬಲ್ಲಿ ನನ್ನ ಹೆಸರು ಬರೆದೆ. ಸಾಕ್ಷಿಯಾಗಿ, ನಾನು ಅಧಿಕಾರಿಯಾಗಿರುವ ನರ್ಸರಿಯ ಕೆಲಸದಾಕೆ ಕೆಂಚಮ್ಮನ ಸಹಿ ಬೇಕಿತ್ತು.

ಮೂರು ವರ್ಷದ ಹಿಂದೆ, ಬರೀ ಹಸಿರೆಲೆಯ ಸ್ನೇಕ್ ಪ್ಲಾಂಟಿನ ಕುಂಡಗಳ ಸಾಲಿನಲ್ಲಿ ಒಂದೇ ಒಂದು ಮರಿಗೆ ಹಳದಿ ಪಟ್ಟೆ ಬಂದಿದೆಯೆಂದು ನನ್ನನ್ನು ಕೂಗಿದ್ದು ಆಕೆಯೇ. ನಾನು ಕುರ್ಚಿಯಿಂದ ಏಳದೆ, “ರೋಗ ಕಣಮ್ಮ, ಕಿತ್ತು ಬಿಸಾಕು” ಎಂದಿದ್ದೆ. ಆಕೆ ಬಿಸಾಡಲಿಲ್ಲ. ನೀರಿನ ತೊಟ್ಟಿಯ ಹಿಂದೆ ಇಟ್ಟುಕೊಂಡು, ಗೆಡ್ಡೆ ಬಿಡಿಸಿ ಬಿಡಿಸಿ ನೆಟ್ಟಳು. ಹುಟ್ಟಿದ ಪ್ರತಿ ಮರಿಯಲ್ಲೂ ಹಳದಿ ಉಳಿಯಿತು. ಅದು ರೋಗವಲ್ಲ, ತಾನಾಗಿ ಆದ ಉತ್ಪರಿವರ್ತನೆ, ಹೊಸ ತಳಿಯೇ ಎಂದು ನನಗೆ ಹೊಳೆದದ್ದು ಆ ಮರಿಗಳನ್ನು ಕಂಡ ಮೇಲೆ.

“ಇಲ್ಲೊಂದು ಸಹಿ ಹಾಕಮ್ಮ.”

“ಓದಿ ಹಾಕ್ತೀನಿ ಸಾರ್. ಏಳನೇ ಕ್ಲಾಸು ಸುಮ್ನೆ ಪಾಸಾಗಿದ್ದಾ?” ಎಂದು ನಕ್ಕಳು.

ಆಕೆಯ ಬೆರಳು ಸಾಲಿನಿಂದ ಸಾಲಿಗೆ ಇಳಿದು, ನನ್ನ ಹೆಸರಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಮತ್ತೆ ಕೆಳಗೆ ಸರಿಯಿತು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

“ಸಾರ್, ಒಂದು ತಪ್ಪಾಗಿದೆ.”

“ಅದು... ಅಧಿಕಾರಿ ಹೆಸರೇ ಬರ್ಬೇಕು ಅಂತ ರೂಲ್ಸ್ ಇದೆಯಮ್ಮ” ಎಂದೆ. ಅಂಥ ನಿಯಮ ಎಲ್ಲೂ ಇರಲಿಲ್ಲ.

“ಅದಲ್ಲ ಸಾರ್. ಮೊದಲನೇ ಮರೀಲಿ ಹಳದಿ ಅಂಚಲ್ಲಿತ್ತು ಅಂತ ಬರ್ದಿದೀರ. ಅದ್ರಲ್ಲಿ ನಡೂಮಧ್ಯ ಇತ್ತು. ಅಂಚಿಗೆ ಬಂದಿದ್ದು ಎರಡನೇದ್ರಿಂದ.” ಪೆನ್ನನ್ನು ನನ್ನತ್ತ ಚಾಚಿದಳು. “ತಿದ್ಬಿಡಿ. ಇಲ್ದಿದ್ರೆ ತೊಟ್ಟಿ ಹಿಂದಿರೋ ಆ ಗಿಡ ಪರೀಕ್ಷೆ ಮಾಡೋಕೆ ಬರೋರಿಗೆ, ನೀವು ಮೊದ್ಲು ನೋಡೇ ಇಲ್ಲ ಅಂತ ಗೊತ್ತಾಗ್ಬಿಡುತ್ತೆ.”