ಎಡಗಡೆ ಪಂಜರದ ಮೊಲಗಳು

ಎಡಗಡೆ ಪಂಜರದ ಮೊಲಗಳಿಗೆ ಯಾರೋ ಗುಟ್ಟಾಗಿ ಔಷಧಿ ಹಚ್ಚುತ್ತಿದ್ದರು. ಅದರಲ್ಲಿ ಸಂಶೋಧಕಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಯಾರು ಎನ್ನುವುದೊಂದೇ ತಿಳಿಯಬೇಕಿತ್ತು, ಅದೂ ಶುಕ್ರವಾರದೊಳಗೆ.

ವಿಷಯ ಸರಳ. ರೇಷ್ಮೆಯ ಎಳೆಗೆ ಹುಟ್ಟುವಾಗಲೇ ಒಂದು ಅಂಟು ಮೆತ್ತಿಕೊಂಡಿರುತ್ತದೆ. ನೇಯುವವರಿಗೆ ಅದು ಬೇಡದ ಕಾಟ. ಆದರೆ ಆ ಅಂಟೂ ಒಂದು ಪ್ರೋಟೀನು, ಉರಿ ಬಾವು ಇಳಿಸಿ ಗಾಯ ಮಾಯಿಸುವ ಗುಣ ಅದಕ್ಕಿದೆ ಎಂದು ತೋರಿಸಲು ಇವಳು ವರ್ಷಗಟ್ಟಲೆ ತಪಸ್ಸು ಮಾಡಿದ್ದಳು. ಬೆಳಿಗ್ಗೆ ಬಂದವಳೇ ದೊಡ್ಡ ಪಾತ್ರೆಯಲ್ಲಿ ರೇಷ್ಮೆಗೂಡನ್ನು ಎರಡು ಸಲ ಬೇಯಿಸುವಳು. ಅಂಟು ಕರಗಿದ ಮೊದಲ ನೀರು ಒಣಗಿ ಪುಡಿಯಾಗಿ ಮುಲಾಮು ಸೇರುತ್ತಿತ್ತು.

ಬಲಗಡೆ ಪಂಜರದ ಮೊಲಗಳ ಬೆನ್ನಿನ ಗಾಯಕ್ಕೆ ಆ ಮುಲಾಮು. ಎಡಗಡೆಯವಕ್ಕೆ ಬರೀ ಸಾದಾ ಮುಲಾಮು. ಬಲಗಡೆಯವು ಬೇಗ ವಾಸಿಯಾಗಬೇಕು, ಎಡಗಡೆಯವು ಹಿಂದೆ ಬೀಳಬೇಕು. ಆದರೆ ಎರಡೂ ಕಡೆಯ ಗಾಯಗಳು ಜೋಡಿ ಎತ್ತಿನ ಹಾಗೆ ಹೆಜ್ಜೆ ಹಾಕುತ್ತ ಮಾಯುತ್ತಿದ್ದವು.

"ವ್ಯತ್ಯಾಸಾನೇ ಇಲ್ವಲ್ಲಮ್ಮ," ಎಂದು ಪ್ರೊಫೆಸರ್ ಕನ್ನಡಕದ ಮೇಲಿನಿಂದ ನೋಡಿದ್ದರು. "ಹಾಗಾದ್ರೆ ನಿನ್ನ ರೇಷ್ಮೆ ಮಾಡಿದ್ದೇನು? ಶುಕ್ರವಾರ ಸಮಿತಿಯವರು ಬರ್ತಾರೆ. ಹೀಗೇ ಇದ್ರೆ ಯೋಜನೆ ಮುಚ್ಚೋದೇ ಸೈ."

ಮುಚ್ಚಿದರೆ ಅವಳ ಕೆಲಸ ಹೋಗುತ್ತಿತ್ತು. ಅವಳ ಪ್ರಯೋಗದ ಕೋಣೆ, ಎದುರು ಮೇಜಿನ ಸಂಶೋಧಕನ ಪಾಲಾಗುತ್ತಿತ್ತು. ಅವನು ಜೇನು ಹಚ್ಚಿ ಗಾಯ ಮಾಯಿಸಲು ಹೊರಟವನು, ಎಲ್ಲರ ಬಾಯಲ್ಲೂ ಜೇನಪ್ಪ. ಇವಳಿಗೂ ಅವನೇ ಒಂದು ಹೆಸರಿಟ್ಟಿದ್ದ: ಉಳಿತಾಯ ಮೇಡಂ.

ಸುಮ್ಮನೆ ಇಟ್ಟ ಹೆಸರೇನಲ್ಲ. ಹಾಳೆಯ ಎರಡೂ ಮಗ್ಗುಲಿಗೆ ಬರೆದು ಅಂಚನ್ನೂ ಬಿಡದವಳು. ಸೋಸಿದ ಟೀಪುಡಿಯನ್ನು ಇನ್ನೊಮ್ಮೆ ಕುದಿಸಿ ಕುಡಿಯುವವಳು. ಮೊಲಗಳು ಗಾಯ ನೆಕ್ಕದಂತೆ ಮೈಗೆ ಸುತ್ತುವ ಬಟ್ಟೆಪಟ್ಟಿಗಳನ್ನು ಉಳಿದವರು ಒಮ್ಮೆ ಬಳಸಿ ಎಸೆದರೆ, ಇವಳು ದಿನವೂ ಕೈಯಾರೆ ಒಗೆದು ಒಣಗಿಸಿ ಮತ್ತೆ ಸುತ್ತುವಳು. ಅದಕ್ಕೂ ಬೇರೆ ನೀರು ಕಾಯಿಸಿದವಳಲ್ಲ. ಒಲೆಯ ಮೇಲೆ ಹೇಗೂ ಬಿಸಿನೀರು ಇದ್ದೇ ಇರುತ್ತದಲ್ಲ.

"ಎಲ್ಲಾ ಆ ಜೇನಪ್ಪನದೇ ಕೈವಾಡ ಅತ್ತೆ," ಎಂದಳು ಮನೆಯಲ್ಲಿ, ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕುತ್ತ. ಅತ್ತೆಗೆ ಈಚೆಗೆ ಸೊಸೆಯ ಮೇಲೆ ಪ್ರೀತಿ ಉಕ್ಕಿತ್ತು. 'ನಿನ್ನ ಕೈಯೋ, ಮರ ಉಜ್ಜೋ ಉಪ್ಪುಕಾಗದವೋ, ಮುಟ್ಟಬೇಡ' ಎನ್ನುತ್ತಿದ್ದವರು ಈಗ ಸಂಜೆಯಾಗುತ್ತಲೇ ಬೆನ್ನು ಕೊಟ್ಟು ಕೂರುತ್ತಿದ್ದರು.

"ದೂರ ಯಾಕೆ ಹುಡುಕ್ತೀಯ? ಇಂಥ ಕೆಲಸ ಮಾಡೋರು ಹತ್ರಾನೇ ಇರ್ತಾರೆ," ಎಂದರು ಅತ್ತೆ. "ಹೂಂ, ಸ್ವಲ್ಪ ಮೇಲೆ ತಿಕ್ಕು."

ಮರುದಿನವೇ ರೇಷ್ಮೆ ಮುಲಾಮಿನ ಡಬ್ಬಿ ಬೀರು ಸೇರಿತು. ಬೀಗದ ಕೈ ಅವಳ ಸೊಂಟ ಸೇರಿತು. ಆದರೂ ಎಡಗಡೆಯ ಗಾಯಗಳು ನಾಚಿಕೆಯಿಲ್ಲದೆ ಮಾಯುತ್ತಲೇ ಹೋದವು. ಕಳ್ಳನು ಮುಲಾಮನ್ನು ಮೊದಲೇ ಕದ್ದಿಟ್ಟುಕೊಂಡಿದ್ದಾನೆ ಎಂದುಕೊಂಡಳು. ಸಂಜೆ ಪಂಜರದ ಮುಂದೆ ಹಿಟ್ಟು ಉದುರಿಸಿ ಹೋದಳು. ಬೆಳಿಗ್ಗೆ ಹಿಟ್ಟಿನ ಮೇಲೆ ಬೂಟಿನ ಗುರುತು, ದೋಣಿಯಷ್ಟು ದೊಡ್ಡದು. ಜೇನಪ್ಪ ಹಾಕುವುದು ಚಪ್ಪಲಿ. ಹಾಗಾದರೆ ಕಳ್ಳ ಬೇರೆ ಯಾರೋ.

ಗುರುವಾರ ಸಂಜೆ ಎಲ್ಲರೂ ಹೊರಟ ಮೇಲೆ ಬೀರುವಿನ ಹಿಂದೆ ಅಡಗಿ ಕೂತಳು. ಬಾಗಿಲು ಮೆಲ್ಲಗೆ ತೆರೆಯಿತು. ಒಳಗೆ ಬಂದವರು ಪ್ರೊಫೆಸರ್! ಕಂಡರೆ ಇಡೀ ಸಂಸ್ಥೆಯೇ ಗಡಗಡ ನಡುಗುವ ಮನುಷ್ಯ, ದೋಣಿಯಂಥ ಬೂಟಿನಲ್ಲಿ ಕಳ್ಳ ಹೆಜ್ಜೆ ಇಡುತ್ತ ಎಡಗಡೆ ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕೋಟಿನ ಜೇಬಿಗೆ ಕೈ ಹಾಕಿದರು. ಸಂಶೋಧಕಿ ಬೀರುವಿನ ಸಂದಿಯಿಂದ ಕತ್ತು ಚಾಚಿದಳು.

ಜೇಬಿನಿಂದ ಹೊರಬಂದದ್ದು ಒಂದು ಕ್ಯಾರೆಟ್ಟು.

"ತಿನ್ನಿ ಮಕ್ಕಳೇ," ಎಂದರು ಪ್ರೊಫೆಸರ್. "ಮನೇಲಂತೂ ನಾನು ಬಾಯಿ ತೆಗೆದ್ರೆ ಎಲ್ರೂ ಎದ್ದು ಹೋಗ್ತಾರೆ. ನೀವಾದ್ರೂ ಪೂರ್ತಿ ಕೇಳ್ತೀರಲ್ಲ."

ಎದ್ದು ಹೋಗೋಣವೆಂದರೆ ಪಾಪ, ಮೊಲಗಳು ಪಂಜರದಲ್ಲಿದ್ದವು. ಉದುರಿಸಿದ ಹಿಟ್ಟು ಇನ್ನೂ ಗಾಳಿಯಲ್ಲಿತ್ತೋ ಏನೋ, ಅವಳಿಗೆ ಸೀನು ಬಂತು. ಪ್ರೊಫೆಸರ್ ಬೆಚ್ಚಿಬಿದ್ದು ಎದ್ದರು.

"ನೋಡಿದ್ದನ್ನ ಯಾರಿಗೂ ಹೇಳ್ಬೇಡಮ್ಮ," ಎಂದರು ಕೆಂಪಾಗಿ. "ಆದ್ರೆ ಔಷಧಿ ಗಿಷಧಿ ನಾನು ಮುಟ್ಟಿಲ್ಲ. ನಾಳೆ ಸಮಿತಿಗೆ ಇರೋದನ್ನ ಇರೋ ಹಾಗೇ ಹೇಳ್ಬೇಕಾಗುತ್ತೆ."

ಮನೆಗೆ ಬಂದು ಚೀಲ ಒಂದು ಮೂಲೆಗೆ ಎಸೆದು ಕೂತಳು. ವರ್ಷಗಳ ಕೆಲಸ ನೀರಿನಲ್ಲಿ ಹೋಮವಾಯಿತಲ್ಲ ಎಂದು ಅಳು ಒತ್ತರಿಸಿ ಬಂತು. ಅತ್ತೆ ಪಕ್ಕಕ್ಕೆ ಬಂದು ಕೂತು ಅವಳ ಕೈ ಹಿಡಿದುಕೊಂಡರು.

"ನೀವೊಬ್ರೇ ಅತ್ತೆ ನನ್ನ ಕಷ್ಟ ಅರ್ಥ ಮಾಡ್ಕೊಂಡಿದ್ದು," ಎಂದಳು ಗದ್ಗದಿಸುತ್ತ.

"ಕಷ್ಟ ಇರ್ಲಿ, ಮೊದ್ಲು ನಿಜ ಹೇಳು," ಎಂದರು ಅತ್ತೆ, ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ. "ಬಿರುಕು ಬಿಟ್ಟು ರಕ್ತ ಜಿನುಗ್ತಿದ್ದ ಕೈ ಈಗ ಹೂವಿನ ಹಾಗಾಗಿದೆ. ಅದಕ್ಕೇ ಬೆನ್ನು ತಿಕ್ಕಿಸ್ಕೊಳ್ತಿದ್ದೀನಿ, ಇಲ್ದಿದ್ರೆ ನನಗೇನು ಹುಚ್ಚೇ? ಏನು ಹಚ್ಕೊಳ್ತೀಯ?"

"ಏನೂ ಇಲ್ಲ ಅತ್ತೆ. ನಾನೆಲ್ಲಿ ದುಡ್ಡು ಕೊಟ್ಟು ಮುಲಾಮು ತರ್ತೀನಿ? ದಿನಾ ಮೊಲದ ಪಟ್ಟಿ ಒಗೀತೀನಿ ಅಷ್ಟೇ."

"ಹಾಗಾದ್ರೆ ಆ ಒಗೆಯೋ ನೀರನ್ನೇ ಒಂದು ಬಾಟ್ಲಿ ತಗೊಂಡು ಬಾ. ನನ್ನ ಹಿಮ್ಮಡಿಗೂ ಆಗುತ್ತೆ."

ಸಂಶೋಧಕಿ ಅಳು ನಿಲ್ಲಿಸಿ ತನ್ನ ಕೈಯನ್ನೇ ನೋಡಿಕೊಂಡಳು. ಸತ್ವವೆಲ್ಲ ಮೊದಲ ನೀರಿಗೇ ಹೋಯಿತೆಂದು, ಎರಡನೆಯ ಸಲ ಗೂಡು ಬೇಯಿಸಿದ ನೀರನ್ನು ಅವಳು ದಿನವೂ ಚರಂಡಿಗೆ ಸುರಿಯುತ್ತಿದ್ದಳು. ಸುರಿಯುವ ಮೊದಲು, ದಂಡವಾಗಬಾರದೆಂದು, ಅದರಲ್ಲೇ ಪಟ್ಟಿಗಳನ್ನು ನೆನೆಸಿ ಒಗೆಯುತ್ತಿದ್ದಳು. ಬಲಗಡೆಯವನ್ನೂ, ಎಡಗಡೆಯವನ್ನೂ.

"ಸರ್," ಎಂದು ಫೋನಿನಲ್ಲಿ ಕೂಗಿಕೊಂಡಳು, "ಯೋಜನೆ ಮುಚ್ಚೋ ಮಾತು ಆಮೇಲೆ, ಮೊದ್ಲು ಚರಂಡಿ ಮುಚ್ಚಿಸಿ!"